ಕಥೆ ಕಟ್ಟುವ ಹುಡುಗಿಗೆ ಹೊಟ್ಟೆನೋವು ಏಕೆ?

ಒಂಬತ್ತು ವರ್ಷದ ಆ ಹುಡುಗಿಯನ್ನು ಅವಳ ತಾಯಿ ನನ್ನ ಬಳಿ ಕರೆತಂದದ್ದು ಒಂದು ಸೋಮವಾರ ಬೆಳಿಗ್ಗೆ. ಮೂರು ತಿಂಗಳಿನಿಂದ ಹೊಟ್ಟೆನೋವು. ನೋವು ಹೊಕ್ಕುಳ ಸುತ್ತ. ಬೆಳಿಗ್ಗೆ ಸಮವಸ್ತ್ರ ಹಾಕಿಕೊಳ್ಳುವ ಹೊತ್ತಿಗೆ ಶುರುವಾಗುತ್ತದೆ. ಕೆಲವೊಮ್ಮೆ ವಾಕರಿಕೆಯೂ ಇರುತ್ತದೆ. ಶಾಲೆಯ ವ್ಯಾನು ಹೊರಟುಹೋದ ಅರ್ಧ ಗಂಟೆಯಲ್ಲಿ ತಾನಾಗಿಯೇ ಕಡಿಮೆಯಾಗುತ್ತದೆ. ಭಾನುವಾರ ನೋವಿಲ್ಲ, ದಸರಾ ರಜೆಯಲ್ಲೂ ಇರಲಿಲ್ಲ.

ಅಷ್ಟರಲ್ಲಿ ಮನೆಯವರು ಎಲ್ಲವನ್ನೂ ಮಾಡಿ ಮುಗಿಸಿದ್ದರು. ಜಂತುಹುಳುವಿನ ಮಾತ್ರೆ ಆಗಿತ್ತು. ಓಮದ ಕಷಾಯ ಆಗಿತ್ತು. ಅಜ್ಜಿ ದೃಷ್ಟಿ ತೆಗೆದಿದ್ದರು. 'ಇದೆಲ್ಲ ಶಾಲೆ ತಪ್ಪಿಸುವ ನಾಟಕ, ಎರಡು ಬಿಟ್ಟರೆ ಸರಿಹೋಗುತ್ತದೆ' ಎಂಬುದು ತಂದೆಯ ರೋಗನಿರ್ಣಯ.

ಪರೀಕ್ಷಿಸಿ ನೋಡಿದೆ. ಹೊಟ್ಟೆ ಮೆದುವಾಗಿತ್ತು. ತೂಕ, ಎತ್ತರ ವಯಸ್ಸಿಗೆ ತಕ್ಕಂತೆ ಇದ್ದವು. ರಕ್ತ, ಮೂತ್ರ, ಮಲ ಪರೀಕ್ಷೆಗಳಲ್ಲಿ ಏನೂ ದೋಷ ಕಾಣಲಿಲ್ಲ. ವರದಿಗಳನ್ನು ತೋರಿಸಲು ಅವರು ಎರಡನೇ ಸಲ ಬಂದಾಗ ತಾಯಿಯನ್ನು ಹೊರಗೆ ಕೂರಲು ಹೇಳಿ, ಹುಡುಗಿಯ ಕೈಗೆ ಔಷಧಿ ಚೀಟಿಯ ಹಾಳೆಯನ್ನೂ ಪೆನ್ನನ್ನೂ ಕೊಟ್ಟೆ. 'ನಿನಗೆ ಇಷ್ಟವಾದದ್ದು ಬರೆ' ಎಂದೆ. ಅವಳು ಒಂದು ಮರ ಬರೆದಳು. ಮರಕ್ಕೆ ಕಿಟಕಿಗಳಿದ್ದವು. ಕಾಂಡದ ನಡುವೆ ಒಂದು ಪೊಟರೆ, ಪೊಟರೆಯ ಮೇಲೆ ಒಂದು ಸಣ್ಣ ಫಲಕ.

'ಇದೇನಮ್ಮಾ?'

'ಅಂಚೆ ಕಚೇರಿ. ಈಗ ಮುಚ್ಚಿದೆ.'

'ಯಾಕೆ ಮುಚ್ಚಿತು?'

'ಕಾಗದಗಳನ್ನು ಎಲ್ಲರೂ ಓದಿಬಿಟ್ಟರು.'

ಹೊಟ್ಟೆನೋವಿನ ಕಾರಣ ಈ ಮಾತಿನಲ್ಲಿತ್ತು. ಶಾಲೆಯ ಹಿತ್ತಲಲ್ಲಿ ಒಂದು ಹೊಂಗೆ ಮರವಿದೆ. ಅದರ ಪೊಟರೆಯಲ್ಲಿ ಬೆರಳುದ್ದದ ಜನ ವಾಸಿಸುತ್ತಾರೆ ಎಂದು ಅವಳು ಕಲ್ಪಿಸಿಕೊಂಡಿದ್ದಳು. ಅವರಿಗೆ ಕಾಗದ ಬರೆದು ಮಡಿಸಿ ಪೊಟರೆಯಲ್ಲಿ ಇಡುತ್ತಿದ್ದಳು. ಉತ್ತರಗಳನ್ನು ತಾನೇ ಎಡಗೈಯಲ್ಲಿ ಬರೆಯುತ್ತಿದ್ದಳು, ಅಕ್ಷರ ಬೇರೆಯಾಗಿ ಕಾಣಲಿ ಎಂದು! ಒಂದು ದಿನ ತರಗತಿಯ ಇಬ್ಬರು ಹುಡುಗರಿಗೆ ಆ ಕಾಗದಗಳು ಸಿಕ್ಕಿದವು. ಊಟದ ಬಿಡುವಿನಲ್ಲಿ ಬೆಂಚಿನ ಮೇಲೆ ನಿಂತು ಗಟ್ಟಿಯಾಗಿ ಓದಿದರು. ಇಡೀ ತರಗತಿ ನಕ್ಕಿತು. ಅಂದಿನಿಂದ ಅವಳ ಹೆಸರು 'ಮರದಂಚೆ'. ಅವಳು ಬಂದು ಕೂತರೆ ಪಕ್ಕದವರು ಸರಿದು ಕೂರುತ್ತಾರೆ. ಆಟಕ್ಕೆ ತಂಡ ಆರಿಸುವಾಗ ಅವಳು ಉಳಿದುಬಿಡುತ್ತಾಳೆ. 'ಮರದಂಚೆ, ಇವತ್ತು ಮನಿಯಾರ್ಡರ್ ಬಂತಾ?' ಎಂದು ದಿನವೂ ಯಾರಾದರೂ ಕೇಳುತ್ತಾರೆ. ಯಾರೂ ಹೊಡೆದಿಲ್ಲ, ಬಡಿದಿಲ್ಲ. ಆದ್ದರಿಂದ ಅವಳು ಯಾರಿಗೂ ದೂರು ಹೇಳಿರಲಿಲ್ಲ.

(ಈ ಕುಟುಂಬದವರ ಒಪ್ಪಿಗೆ ಪಡೆದು, ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿ ಬರೆಯುತ್ತಿದ್ದೇನೆ.)

ನೋವು ನಾಟಕವಲ್ಲ

ಮೊದಲು ತಂದೆಯವರ 'ನಾಟಕ' ಎಂಬ ಮಾತನ್ನು ನೋಡೋಣ. ಇಂಗ್ಲೆಂಡಿನ ಮಕ್ಕಳ ವೈದ್ಯ ಜಾನ್ ಆಪ್ಲಿ ಶಾಲಾಮಕ್ಕಳನ್ನು ಪರೀಕ್ಷಿಸಿ 1958ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸುಮಾರು ಹತ್ತು ಮಕ್ಕಳಲ್ಲಿ ಒಂದು ಮಗುವಿಗೆ ಹೀಗೆ ಮರುಕಳಿಸುವ ಹೊಟ್ಟೆನೋವು ಇರುವುದನ್ನು ಕಂಡರು. ಅವರಲ್ಲಿ ಬಹುಪಾಲು ಮಕ್ಕಳ ಹೊಟ್ಟೆಯಲ್ಲಿ ಯಾವ ಕಾಯಿಲೆಯೂ ಇರಲಿಲ್ಲ. ಆದರೆ ನೋವು ಮಾತ್ರ ನಿಜವಾಗಿಯೂ ಇತ್ತು.

ಇದು ಹೇಗೆ ಸಾಧ್ಯ? ನಮ್ಮ ಕರುಳಿನ ಗೋಡೆಯಲ್ಲಿ ಅದರದೇ ಆದ ದೊಡ್ಡ ನರಜಾಲವಿದೆ. ಅದಕ್ಕೂ ಮಿದುಳಿಗೂ ಸದಾ ಸಂದೇಶಗಳ ಓಡಾಟ ನಡೆದಿರುತ್ತದೆ. ಹೆದರಿದಾಗ ದೊಡ್ಡವರಾದ ನಮಗೂ ಹೊಟ್ಟೆಯಲ್ಲಿ 'ಧಸಕ್' ಎನ್ನುವುದಿಲ್ಲವೇ? ಪರೀಕ್ಷೆಯ ದಿನ ಎರಡು ಮೂರು ಸಲ ಶೌಚಕ್ಕೆ ಓಡುವುದಿಲ್ಲವೇ? ಮಗುವಿನಲ್ಲೂ ಇದೇ ಆಗುತ್ತದೆ. ಆತಂಕದಿಂದ ಕರುಳಿನ ಚಲನೆ ಬದಲಾಗುತ್ತದೆ, ನೋವನ್ನು ಗ್ರಹಿಸುವ ಶಕ್ತಿ ಹರಿತವಾಗುತ್ತದೆ. ತನಗೆ ಅವಮಾನವಾಗಿದೆ ಎಂದು ಹೇಳಲು ಗೊತ್ತಾಗದ ಮಗು 'ಹೊಟ್ಟೆನೋವು' ಎನ್ನುತ್ತದೆ. ಅದು ಸುಳ್ಳು ಹೇಳುತ್ತಿಲ್ಲ.

ಗುಂಪಿನಿಂದ ಹೊರಗಿಟ್ಟರೆ ಮಿದುಳಿನಲ್ಲಿ ಏನಾಗುತ್ತದೆ ಎಂಬುದನ್ನೂ ವಿಜ್ಞಾನಿಗಳು ನೋಡಿದ್ದಾರೆ. 2003ರಲ್ಲಿ ಅಮೆರಿಕದಲ್ಲಿ ನಡೆದ ಪ್ರಯೋಗವೊಂದರಲ್ಲಿ ಯುವಜನರಿಗೆ ಕಂಪ್ಯೂಟರಿನಲ್ಲಿ ಚೆಂಡು ಎಸೆಯುವ ಆಟ ಕೊಟ್ಟರು. ಸ್ವಲ್ಪ ಹೊತ್ತಿನ ನಂತರ ಉಳಿದ ಇಬ್ಬರು 'ಆಟಗಾರರು' ಇವರಿಗೆ ಚೆಂಡು ಕೊಡುವುದನ್ನೇ ನಿಲ್ಲಿಸಿದರು. ಆಗ ಇವರ ಮಿದುಳನ್ನು ಸ್ಕ್ಯಾನ್ ಮಾಡಿದಾಗ, ದೇಹಕ್ಕೆ ನೋವಾದಾಗ ಚುರುಕಾಗುವ ಕೆಲವು ಭಾಗಗಳೇ ಇಲ್ಲೂ ಚುರುಕಾಗಿದ್ದವು. ಪರಿಚಯವೇ ಇಲ್ಲದವರು ಕೆಲವು ನಿಮಿಷ ಚೆಂಡು ಕೊಡದಿದ್ದರೇ ಹೀಗಾದರೆ, ವರ್ಷವಿಡೀ ಜೊತೆಗೆ ಕೂರಬೇಕಾದ ನಲವತ್ತು ಮಕ್ಕಳು ದಿನವೂ ದೂರವಿಟ್ಟರೆ ಹೇಗಿರಬೇಡ?

ಆದರೆ ಒಂದು ಎಚ್ಚರಿಕೆ. ಮಕ್ಕಳ ಹೊಟ್ಟೆನೋವೆಲ್ಲ ಮನಸ್ಸಿನದೇ ಎಂದು ನೀವೇ ತೀರ್ಮಾನಿಸಬೇಡಿ. ನೋವು ಮಗುವನ್ನು ನಿದ್ದೆಯಿಂದ ಎಬ್ಬಿಸುತ್ತಿದ್ದರೆ, ಹೊಕ್ಕುಳಿನಿಂದ ದೂರ ಒಂದೇ ಜಾಗದಲ್ಲಿ ಇದ್ದರೆ, ಜ್ವರ, ಮತ್ತೆ ಮತ್ತೆ ವಾಂತಿ, ಹಸಿರು ವಾಂತಿ, ಮಲದಲ್ಲಿ ರಕ್ತ, ಉರಿಮೂತ್ರ ಇದ್ದರೆ, ತೂಕ ಇಳಿಯುತ್ತಿದ್ದರೆ ತಡಮಾಡದೆ ವೈದ್ಯರಿಗೆ ತೋರಿಸಬೇಕು.

ಕಲ್ಪನೆ ಕಾಯಿಲೆಯೇ?

ಆ ತಾಯಿಯ ಎರಡನೆಯ ಪ್ರಶ್ನೆ ಇದು: 'ಡಾಕ್ಟರೇ, ಅವಳಿಗೆ ತಲೆ ಸರಿಯಿದೆಯಾ? ಇಲ್ಲದ ಜನಕ್ಕೆ ಕಾಗದ ಬರೆಯುತ್ತಾಳಲ್ಲ?'

ಸರಿಯಿದೆ, ಚೆನ್ನಾಗಿಯೇ ಇದೆ. ಎರಡು ವರ್ಷದ ಸುಮಾರಿಗೆ ಮಗು ಖಾಲಿ ಲೋಟದಲ್ಲಿ 'ಕಾಫಿ' ಕುಡಿಯತೊಡಗುತ್ತದೆ. ಬಾಳೆಹಣ್ಣನ್ನು ಕಿವಿಗಿಟ್ಟು 'ಹಲೋ' ಎನ್ನುತ್ತದೆ. ಸ್ವಿಟ್ಜರ್ಲೆಂಡಿನ ಮನೋವಿಜ್ಞಾನಿ ಜೀನ್ ಪಿಯಾಜೆ ಇಂಥ ಆಟಗಳನ್ನು ಬುದ್ಧಿಯ ಬೆಳವಣಿಗೆಯ ಒಂದು ಮೆಟ್ಟಿಲು ಎಂದು ತೋರಿಸಿದರು. ಇಲ್ಲದ ಗೆಳೆಯರನ್ನು ಸೃಷ್ಟಿಸಿಕೊಳ್ಳುವುದೂ ಅಪರೂಪವೇನಲ್ಲ. ಅಮೆರಿಕದ ಮಾರ್ಜೊರಿ ಟೇಲರ್ ಮತ್ತು ಸಂಗಡಿಗರು 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಏಳು ವರ್ಷ ತುಂಬುವುದರೊಳಗೆ ಸುಮಾರು 65% ಮಕ್ಕಳಿಗೆ ಒಮ್ಮೆಯಾದರೂ ಅಂಥ ಗೆಳೆಯರಿದ್ದರು. (ಜೀವವಿದೆ ಎಂದು ಭಾವಿಸಿ ಮಾತನಾಡಿಸುವ ಗೊಂಬೆಗಳನ್ನೂ ಸೇರಿಸಿ.) ಆ ಗೆಳೆಯರು ನಿಜವಲ್ಲ ಎಂಬುದು ಈ ಮಕ್ಕಳಿಗೆ ಗೊತ್ತಿರುತ್ತದೆ. ನಮ್ಮ ಹುಡುಗಿ ಎಡಗೈಯಲ್ಲಿ ಉತ್ತರ ಬರೆದಳು ಎಂಬುದೇ ಇದಕ್ಕೆ ಸಾಕ್ಷಿ. ಬೆರಳುದ್ದದ ಜನರು ಬರೆಯುವುದಿಲ್ಲ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು!

ಒಂಬತ್ತು ಹತ್ತು ವರ್ಷವಾದ ಮೇಲೆ ಇಂಥ ಆಟ ಮನಸ್ಸಿನೊಳಗೆ ಹೋಗುತ್ತದೆ. ಕೆಲವು ಮಕ್ಕಳು ಇಡೀ ಊರುಗಳನ್ನೇ ಕಟ್ಟುತ್ತಾರೆ. ಇಂಗ್ಲೆಂಡಿನ ಬ್ರಾಂಟೆ ಒಡಹುಟ್ಟಿದವರು 1826ರಲ್ಲಿ ತಂದೆ ತಂದುಕೊಟ್ಟ ಹನ್ನೆರಡು ಮರದ ಸಿಪಾಯಿಗಳಿಂದ ಆಟ ಶುರುಮಾಡಿ, ಕಲ್ಪನೆಯ ರಾಜ್ಯಗಳನ್ನು ಕಟ್ಟಿ, ಅವುಗಳ ಚರಿತ್ರೆಯನ್ನು ಪುಟ್ಟ ಪುಟ್ಟ ಪುಸ್ತಕಗಳಲ್ಲಿ ಬರೆದಿಟ್ಟರು. ಮುಂದೆ ಅವರಲ್ಲಿ ಮೂವರು ಸೋದರಿಯರು ದೊಡ್ಡ ಕಾದಂಬರಿಕಾರ್ತಿಯರಾದರು. ಮೈಸೂರಿನಲ್ಲಿ ಬಾಳಿದ ಆರ್.ಕೆ. ನಾರಾಯಣರ ಮಾಲ್ಗುಡಿ ಯಾವ ನಕ್ಷೆಯಲ್ಲೂ ಇಲ್ಲ. ಆದರೂ ನಾವೆಲ್ಲ ಆ ಊರಿಗೆ ಹೋಗಿಬಂದಿದ್ದೇವೆ.

ಕಥೆ ಕಟ್ಟುವ ಎಲ್ಲ ಮಕ್ಕಳೂ ಲೇಖಕರಾಗುತ್ತಾರೆ ಎಂದು ನಾನು ಹೇಳುತ್ತಿಲ್ಲ. ಅದು ರೋಗವಲ್ಲ, ಅದಕ್ಕೆ ಔಷಧಿ ಬೇಡ ಎಂದಷ್ಟೇ ನನ್ನ ಮಾತು.

ಯಾವಾಗ ವೈದ್ಯರ ಸಲಹೆ ಬೇಕು? ಮಗು ಮಾತಿನ ಮಧ್ಯೆ ತಟ್ಟನೆ ನಿಂತು, ಕೆಲವು ಸೆಕೆಂಡು ಶೂನ್ಯವಾಗಿ ನೋಡಿ, ಏನೂ ಆಗದಂತೆ ಮುಂದುವರಿದರೆ ಎಚ್ಚರಿಕೆ ಇರಲಿ. ಹಗಲುಗನಸು ಕಾಣುವ ಮಗು ಭುಜ ಮುಟ್ಟಿದರೆ ತಿರುಗಿ ನೋಡುತ್ತದೆ. ಮುಟ್ಟಿದರೂ ತಿರುಗದಿದ್ದರೆ, ದಿನಕ್ಕೆ ಹಲವು ಸಲ ಹೀಗಾಗುತ್ತಿದ್ದರೆ ಅದು ಒಂದು ಬಗೆಯ ಅಪಸ್ಮಾರ ಇರಬಹುದು. ಅದಕ್ಕೆ ಒಳ್ಳೆಯ ಚಿಕಿತ್ಸೆಯಿದೆ. ಕರೆದರೆ ಓಗೊಡದ ಮಗುವಿನ ಕಿವಿಯನ್ನೂ ಪರೀಕ್ಷಿಸಬೇಕು. ಸದಾ ಮಂಕಾಗಿರುವ ಮಗುವಿಗೆ ರಕ್ತಹೀನತೆ ಇರಬಹುದು. ಕೇಳಿಸುವ ದನಿಗಳಿಗೆ ಮಗು ಹೆದರುತ್ತಿದ್ದರೆ, ಅವು ಹೀಗೆ ಮಾಡು ಹಾಗೆ ಮಾಡು ಎಂದು ಅಪ್ಪಣೆ ಕೊಡುತ್ತವೆ ಎಂದರೆ, ಊಟ ನಿದ್ದೆ ಓದು ಎಲ್ಲ ಬಿಟ್ಟು ಕಲ್ಪನೆಯಲ್ಲೇ ಮುಳುಗಿದ್ದರೆ, ಮಕ್ಕಳ ಮನೋವೈದ್ಯರನ್ನು ಕಾಣಬೇಕು. ಇವು ಯಾವುವೂ ಆ ಹುಡುಗಿಯಲ್ಲಿ ಇರಲಿಲ್ಲ.

ಔಷಧಿ ಬೇಕಾದದ್ದು ಯಾರಿಗೆ?

ಈಗ ನನ್ನ ತಪ್ಪನ್ನೂ ಹೇಳಿಬಿಡುತ್ತೇನೆ. ಹುಡುಗಿಯ ಬಾಯಲ್ಲಿ 'ಮರದಂಚೆ' ಎಂಬ ಮಾತು ಬಂದಾಗ ನಾನು ಬೆಚ್ಚಿದೆ. ಆ ಹೆಸರನ್ನು ನಾನು ಮೊದಲೇ ಕೇಳಿದ್ದೆ, ನಮ್ಮ ಮನೆಯಲ್ಲೇ! ಎರಡು ತಿಂಗಳ ಹಿಂದೆ ರಾತ್ರಿ ಊಟಕ್ಕೆ ಕೂತಾಗ ನನ್ನ ಮಗ ಹೇಳಿದ್ದ: 'ನಮ್ಮ ಕ್ಲಾಸಿನಲ್ಲಿ ಒಬ್ಬಳು ಮರಕ್ಕೆ ಕಾಗದ ಬರೆಯುತ್ತಾಳೆ. ಅವಳಿಗೆ ಮರದಂಚೆ ಅಂತ ಹೆಸರಿಟ್ಟಿದ್ದೇವೆ.' ಅವನು ನಕ್ಕ, ಅವನ ಅಕ್ಕ ನಕ್ಕಳು. ಹೆಸರು ಚುರುಕಾಗಿತ್ತು. ನಾನೂ ನಕ್ಕೆ. ಸಾರು ಬಡಿಸಿಕೊಂಡು ಬೇರೆ ಮಾತಿಗೆ ಹೋದೆ.

ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎನ್ನುತ್ತಾರೆ. ನನ್ನ ಮನೆಯ ಊಟದ ಹೊತ್ತಿನ ಚೆಲ್ಲಾಟ ನನ್ನ ದವಾಖಾನೆಗೇ ಹೊಟ್ಟೆನೋವಾಗಿ ಬಂದಿತ್ತು.

ರೋಗಿಯ ವಿಷಯವನ್ನು ಮನೆಯಲ್ಲಿ ಹೇಳುವಂತಿಲ್ಲ. ಆದ್ದರಿಂದ ಅಂದು ರಾತ್ರಿ ಮಗನಿಗೆ ಅವಳು ಬಂದದ್ದನ್ನು ತಿಳಿಸಲಿಲ್ಲ. 'ಆ ಕಾಗದದ ಹುಡುಗಿಯ ವಿಷಯ ಅವತ್ತು ಹೇಳಿದೆಯಲ್ಲ, ನಾನೂ ನಕ್ಕೆ. ಆಮೇಲೆ ಯೋಚಿಸಿದರೆ ನಾನು ನಕ್ಕದ್ದು ತಪ್ಪು ಅನ್ನಿಸಿತು. ನೀನು ಏನು ಮಾಡಿದೆ ಅವತ್ತು?' ಎಂದು ಕೇಳಿದೆ. ಅವನು ಕೂಡಲೇ ಹೇಳಿದ: 'ನಾನೇನೂ ಮಾಡಲಿಲ್ಲ. ಓದಿದ್ದು ಬೇರೆಯವರು. ನಾನು ಬರೀ ನಕ್ಕೆ, ಅಷ್ಟೇ.'

ಈ 'ಬರೀ ನಕ್ಕೆ, ಅಷ್ಟೇ' ಎಂಬ ಮಾತನ್ನು ಸ್ವಲ್ಪ ನಿಂತು ನೋಡಬೇಕು. ಶಾಲೆಯಲ್ಲಿ ನಡೆಯುವ ಪೀಡನೆಯನ್ನು ಮೊದಲು ವ್ಯವಸ್ಥಿತವಾಗಿ ಅಧ್ಯಯನ ಮಾಡಿದವರು ನಾರ್ವೆಯಲ್ಲಿ ಕೆಲಸ ಮಾಡಿದ ಡಾನ್ ಓಲ್ವೇಯಸ್. ಮೂರು ಗುಣಗಳಿದ್ದರೆ ಅದು ತಮಾಷೆಯಲ್ಲ, ಪೀಡನೆ ಎಂದರು ಅವರು. ಬೇಕೆಂದೇ ನೋಯಿಸುವುದು, ಮತ್ತೆ ಮತ್ತೆ ಮಾಡುವುದು, ನೊಂದವರಿಗೆ ಎದುರಿಸುವ ಬಲವಿಲ್ಲದಿರುವುದು. ಕೈ ಎತ್ತಬೇಕೆಂದೇನೂ ಇಲ್ಲ. ಅಡ್ಡಹೆಸರು, ಪಿಸುಮಾತು, ಆಟಕ್ಕೆ ಸೇರಿಸದಿರುವುದು ಸಾಕು.

1996ರಲ್ಲಿ ಫಿನ್ಲೆಂಡಿನ ಕ್ರಿಸ್ಟಿನಾ ಸಾಲ್ಮಿವಾಲ್ಲಿ ಮತ್ತು ಸಂಗಡಿಗರು ಇನ್ನೊಂದು ವಿಷಯ ತೋರಿಸಿದರು. ಪೀಡನೆ ಇಬ್ಬರ ನಡುವಿನ ವ್ಯವಹಾರವಲ್ಲ. ಪೀಡಿಸುವವನ ಜೊತೆ ಕೈಗೂಡಿಸುವವರಿರುತ್ತಾರೆ. ನಕ್ಕು ಹುರಿದುಂಬಿಸುವವರಿರುತ್ತಾರೆ. ನೋಡಿಯೂ ನೋಡದಂತೆ ಇರುವವರಿರುತ್ತಾರೆ. ನೊಂದವರ ಪರ ನಿಲ್ಲುವವರೂ ಕೆಲವರಿರುತ್ತಾರೆ. ನಾಟಕಕ್ಕೆ ಪ್ರೇಕ್ಷಕರು ಇದ್ದಂತೆ ಪೀಡಿಸುವವನಿಗೆ ನಗುವವರು. ನಗು ನಿಂತರೆ ಆಟವೂ ನಿಲ್ಲುತ್ತದೆ.

ಕೆನಡಾದ ಟೊರಾಂಟೊ ನಗರದ ಶಾಲೆಗಳಲ್ಲಿ ಆಟದ ಮೈದಾನಕ್ಕೆ ಕ್ಯಾಮೆರಾ ಇಟ್ಟು, ಮಕ್ಕಳ ಉಡುಪಿಗೆ ಮೈಕ್ ಸಿಕ್ಕಿಸಿ ನಡೆಸಿದ ಅಧ್ಯಯನವೊಂದು 2001ರಲ್ಲಿ ಪ್ರಕಟವಾಯಿತು. ಪೀಡನೆ ನಡೆದಾಗ ಬಹುತೇಕ ಸಲ ಬೇರೆ ಮಕ್ಕಳು ಅಲ್ಲಿ ಇದ್ದರು. ಅವರಲ್ಲಿ ಯಾರಾದರೂ ತಡೆದದ್ದು ಐದರಲ್ಲಿ ಒಂದು ಸಲ ಮಾತ್ರ. ಆದರೆ ತಡೆದಾಗ ಅರ್ಧಕ್ಕಿಂತ ಹೆಚ್ಚು ಸಲ ಹತ್ತೇ ಸೆಕೆಂಡಿನಲ್ಲಿ ಪೀಡನೆ ನಿಂತಿತು! ಹತ್ತು ಸೆಕೆಂಡು. ನಾನು ಕೊಡುವ ಯಾವ ಹೊಟ್ಟೆನೋವಿನ ಮಾತ್ರೆಯೂ ಇಷ್ಟು ಬೇಗ ಕೆಲಸ ಮಾಡುವುದಿಲ್ಲ.

ಆದ್ದರಿಂದ ಆ ಹುಡುಗಿಯ ಹೊಟ್ಟೆನೋವಿಗೆ ಔಷಧಿ ಬೇಕಾಗಿದ್ದದ್ದು ಅವಳಿಗಲ್ಲ. ನಕ್ಕ ನಲವತ್ತು ಮಕ್ಕಳಿಗೆ ಮತ್ತು ನಕ್ಕ ನನ್ನಂಥ ಹಿರಿಯರಿಗೆ.

ಇನ್ನೊಬ್ಬರ ನೋವು ತಿಳಿಯುವುದು ಹೇಗೆ?

'ಮಕ್ಕಳ ಮನಸ್ಸು ದೇವರಂಥದು' ಎನ್ನುತ್ತೇವೆ. 'ಮಕ್ಕಳು ಕ್ರೂರಿಗಳು' ಎಂದೂ ಕೆಲವರು ಹೇಳುತ್ತಾರೆ. ಎರಡೂ ಅರ್ಧ ಸತ್ಯ. ಹೆರಿಗೆ ಕೋಣೆಯಲ್ಲಿ ಒಂದು ಶಿಶು ಅತ್ತರೆ ಪಕ್ಕದ ಶಿಶುವೂ ಅಳತೊಡಗುತ್ತದೆ. ಒಂದೂವರೆ ವರ್ಷದ ಮಕ್ಕಳ ಮೇಲೆ ಜರ್ಮನಿಯಲ್ಲಿ ನಡೆಸಿ 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಅಪರಿಚಿತ ದೊಡ್ಡವರ ಕೈಯಿಂದ ಬಟ್ಟೆಯ ಕ್ಲಿಪ್ಪು ಜಾರಿ ಬಿದ್ದರೆ ಹೆಚ್ಚಿನ ಮಕ್ಕಳು ಯಾರೂ ಹೇಳದೆಯೇ ಎತ್ತಿಕೊಟ್ಟರು. ಅಂದರೆ ಬೀಜ ಹುಟ್ಟಿನಿಂದಲೇ ಇದೆ.

ಆದರೆ ಬೀಜ ಗಿಡವಲ್ಲ. 'ನನಗೆ ಗೊತ್ತಿರುವುದು ಅವನಿಗೆ ಗೊತ್ತಿಲ್ಲ, ನನಗೆ ಅನ್ನಿಸುವುದು ಅವನಿಗೆ ಅನ್ನಿಸದಿರಬಹುದು' ಎಂಬ ತಿಳಿವು ಸಾಮಾನ್ಯವಾಗಿ ನಾಲ್ಕು ವರ್ಷದ ಸುಮಾರಿಗೆ ಬರುತ್ತದೆ. ಶಾಲೆಗೆ ಹೋಗುವ ವಯಸ್ಸಿನಲ್ಲಿ ಇನ್ನೊಂದು ಶಕ್ತಿ ಎದುರು ನಿಲ್ಲುತ್ತದೆ. ಅದು ಗುಂಪು. ಎಂಟು ಒಂಬತ್ತು ವರ್ಷದ ಮಗುವಿಗೆ ಗುಂಪಿನಲ್ಲಿ ಒಬ್ಬನಾಗುವುದು ಬಹಳ ಮುಖ್ಯ. ಯಾರು ನಮ್ಮವರು, ಯಾರು ಹೊರಗಿನವರು ಎಂಬ ಲೆಕ್ಕ ಆಗ ಶುರುವಾಗುತ್ತದೆ. ದಪ್ಪಗಿರುವ ಹುಡುಗ, ತೊದಲುವ ಹುಡುಗಿ, ಬೇರೆ ಭಾಷೆಯ ಮಗು, ಮರಕ್ಕೆ ಕಾಗದ ಬರೆಯುವ ಮಗು ಸುಲಭವಾಗಿ ಹೊರಗಿನವರಾಗುತ್ತಾರೆ. ನಕ್ಕವರಲ್ಲಿ ಹಲವರು ಕ್ರೂರಿಗಳಲ್ಲ. ನಗದಿದ್ದರೆ ಮುಂದಿನ ಸರದಿ ತಮ್ಮದೇ ಎಂಬ ಹೆದರಿಕೆ ಅವರದು. ನನ್ನ ಮಗನೂ ಕೊನೆಗೆ ಒಪ್ಪಿಕೊಂಡದ್ದು ಇದನ್ನೇ.

ಸಹಾನುಭೂತಿ ಎಂದರೆ 'ಅಯ್ಯೋ ಪಾಪ' ಎನ್ನುವುದಲ್ಲ. ಅದು ಮೇಲೆ ನಿಂತು ಕೆಳಗೆ ನೋಡುವ ಮಾತು. ಅವರ ಜಾಗದಲ್ಲಿ ನಾನಿದ್ದರೆ ಹೇಗಿರುತ್ತಿತ್ತು ಎಂದು ಊಹಿಸುವುದೇ ಸಹಾನುಭೂತಿ. ಊಹಿಸುವುದಕ್ಕೆ ಕಲ್ಪನೆ ಬೇಕು! ಇದೇ ಈ ಕಥೆಯ ವಿಪರ್ಯಾಸ. ಆ ನಲವತ್ತು ಮಕ್ಕಳಿಗೆ ಅಂದು ಇಲ್ಲದಿದ್ದದ್ದು, ಅವರು ಯಾವುದನ್ನು ನೋಡಿ ನಕ್ಕರೋ ಅದೇ.

ಮನೆಯಲ್ಲಿ ಏನು ಮಾಡಬಹುದು?

ನೀತಿಪಾಠದಿಂದ ಇದು ಬರುವುದಿಲ್ಲ. 'ಒಳ್ಳೆಯವನಾಗಿರು' ಎಂದು ನೂರು ಸಲ ಹೇಳಿದರೂ ಮಗುವಿಗೆ ಏನು ಮಾಡಬೇಕೆಂದು ತಿಳಿಯದು. ಕೆಲವು ಸರಳ ಅಭ್ಯಾಸಗಳನ್ನು ಇಟ್ಟುಕೊಳ್ಳಿ.

ಮೊದಲನೆಯದು, ತಪ್ಪು ಮಾಡಿದ ಮಗುವಿಗೆ ಹೊಡೆಯಬೇಡಿ. ತನ್ನ ಕೆಲಸದಿಂದ ಇನ್ನೊಬ್ಬರಿಗೆ ಏನಾಯಿತು ಎಂಬುದನ್ನು ತೋರಿಸಿ. ಅಮೆರಿಕದ ಮನೋವಿಜ್ಞಾನಿ ಮಾರ್ಟಿನ್ ಹಾಫ್‌ಮನ್ ಬಹುಕಾಲ ಅಧ್ಯಯನ ಮಾಡಿ ಕಂಡುಕೊಂಡದ್ದು ಇದು. ಹೊಡೆಸಿಕೊಂಡ ಮಗು ತನ್ನ ನೋವನ್ನೇ ಯೋಚಿಸುತ್ತದೆ, ಇನ್ನೊಬ್ಬರದನ್ನಲ್ಲ.

ಎರಡನೆಯದು, ಕೇಳುವ ಪ್ರಶ್ನೆ ಬದಲಿಸಿ. ಶಾಲೆಯಿಂದ ಬಂದ ಕೂಡಲೇ 'ಎಷ್ಟು ಮಾರ್ಕ್ಸು?' ಎನ್ನುವ ಬದಲು, 'ಇವತ್ತು ಊಟಕ್ಕೆ ಯಾರು ಒಬ್ಬರೇ ಕೂತಿದ್ದರು?' ಎಂದು ವಾರಕ್ಕೊಮ್ಮೆಯಾದರೂ ಕೇಳಿ. ಮಗು ಮರುದಿನ ಸುತ್ತ ನೋಡಲು ಕಲಿಯುತ್ತದೆ.

ಮೂರನೆಯದು, ಆಡಬಹುದಾದ ಮಾತನ್ನು ಬಾಯಿಪಾಠ ಮಾಡಿಸಿ. ಹತ್ತು ವರ್ಷದ ಹುಡುಗ ಗುಂಪಿನೆದುರು ಭಾಷಣ ಮಾಡಲಾರ. ಆದರೆ 'ಸಾಕು ಬಿಡ್ರೋ' ಎನ್ನಬಲ್ಲ. 'ಬಾ, ನಮ್ಮ ಜೊತೆ ಆಡು' ಎಂದು ಕರೆಯಬಲ್ಲ. ಅದೂ ಸಾಧ್ಯವಾಗದಿದ್ದರೆ ನಗದೆ ಇರಬಲ್ಲ. ನಗದೆ ಇರುವುದೂ ಒಂದು ಕೆಲಸವೇ.

ನಾಲ್ಕನೆಯದು, ದಯೆಗೆ ಲಂಚ ಕೊಡಬೇಡಿ. ಸಹಾಯ ಮಾಡಿದ್ದಕ್ಕೆ ಪ್ರತಿಸಲ ಬಹುಮಾನ ಪಡೆದ ಪುಟ್ಟ ಮಕ್ಕಳು ಬಹುಮಾನ ನಿಂತ ಮೇಲೆ, ಬಹುಮಾನ ಪಡೆಯದ ಮಕ್ಕಳಿಗಿಂತ ಕಡಿಮೆ ಸಹಾಯ ಮಾಡಿದ್ದು 2008ರ ಒಂದು ಪ್ರಯೋಗದಲ್ಲಿ ಕಂಡುಬಂದಿದೆ. ಚಾಕೊಲೇಟ್ ಬೇಡ. 'ನೀನು ಕರೆದದ್ದಕ್ಕೆ ಅವನ ಮುಖ ಎಷ್ಟು ಅರಳಿತು ನೋಡಿದೆಯಾ?' ಎಂಬ ಮಾತು ಸಾಕು.

ಐದನೆಯದು, ಕಥೆ ಹೇಳಿ, ಓದಿಸಿ. ಕಥೆಯ ನಡುವೆ ನಿಲ್ಲಿಸಿ 'ಈಗ ಅವಳಿಗೆ ಹೇಗನ್ನಿಸಿರಬೇಕು?' ಎಂದು ಕೇಳಿ. ಬೇರೊಬ್ಬರ ಮನಸ್ಸಿನೊಳಗೆ ಹೋಗಿಬರುವ ಅಭ್ಯಾಸ ಇದರಿಂದ ಆಗುತ್ತದೆ.

ಆರನೆಯದು ಎಲ್ಲಕ್ಕಿಂತ ಕಷ್ಟದ್ದು. ನಮ್ಮ ನಾಲಗೆಯ ಮೇಲೆ ಹಿಡಿತ. ಪಕ್ಕದ ಮನೆಯವರ ಬಣ್ಣ, ಕೆಲಸದವಳ ಮಾತಿನ ಧಾಟಿ, ನೆಂಟರ ನಡಿಗೆ ಇವುಗಳನ್ನು ಅಣಕಿಸಿ ನಾವು ನಗುತ್ತೇವೆ. ಮೊಬೈಲಿನಲ್ಲಿ ಬಂದ ಯಾರದೋ ಅವಮಾನದ ವಿಡಿಯೋ ಮಕ್ಕಳಿಗೂ ತೋರಿಸುತ್ತೇವೆ. ಮಕ್ಕಳು ನಮ್ಮ ಉಪದೇಶವನ್ನು ಮರೆಯುತ್ತಾರೆ, ನಮ್ಮ ನಗುವನ್ನು ಮರೆಯುವುದಿಲ್ಲ.

ಶಾಲೆಯಲ್ಲಿ

ಕೆನಡಾದಲ್ಲಿ 1996ರಲ್ಲಿ ಮೇರಿ ಗಾರ್ಡನ್ ಎಂಬ ಶಿಕ್ಷಕಿ ಒಂದು ವಿಶಿಷ್ಟ ಕಾರ್ಯಕ್ರಮ ಆರಂಭಿಸಿದರು. ನೆರೆಹೊರೆಯ ತಾಯಿಯೊಬ್ಬಳು ತನ್ನ ಕೂಸಿನೊಂದಿಗೆ ವರ್ಷವಿಡೀ ಆಗಾಗ ತರಗತಿಗೆ ಬರುತ್ತಾಳೆ. ಮಕ್ಕಳು ಹಸಿರು ಕಂಬಳಿಯ ಸುತ್ತ ಕೂತು, 'ಪಾಪು ಈಗ ಯಾಕೆ ಅಳುತ್ತಿದೆ? ಅದಕ್ಕೆ ಏನು ಬೇಕು?' ಎಂದು ಊಹಿಸುತ್ತಾರೆ. ಮಾತು ಬಾರದ ಕೂಸಿನ ಮನಸ್ಸನ್ನು ಓದಲು ಕಲಿತವರು ಪಕ್ಕದ ಬೆಂಚಿನವರ ಮನಸ್ಸನ್ನೂ ಓದಬಲ್ಲರು ಎಂಬುದು ಇದರ ತತ್ವ. ಅಂಥ ತರಗತಿಗಳಲ್ಲಿ ಜಗಳ, ಆಕ್ರಮಣ ಕಡಿಮೆಯಾದದ್ದು ಅಧ್ಯಯನಗಳಲ್ಲಿ ಕಂಡಿದೆ. ನಮ್ಮ ಊರುಗಳಲ್ಲಿ ಕೂಸುಗಳಿಗೇನು ಬರವೇ? ಆಸಕ್ತ ಶಿಕ್ಷಕರು ಪ್ರಯತ್ನಿಸಬಹುದು.

ಶಿಕ್ಷಕರಲ್ಲಿ ನನ್ನ ವಿನಂತಿ ಇಷ್ಟೆ. ಅಡ್ಡಹೆಸರನ್ನು ನೀವು ಬಳಸಬೇಡಿ. ತಂಡಗಳನ್ನು ಮಕ್ಕಳೇ ಆರಿಸಲು ಬಿಡದೆ ಚೀಟಿ ಎತ್ತಿ ಮಾಡಿ. ನೊಂದ ಮಗುವನ್ನೂ ನೋಯಿಸಿದ ಮಗುವನ್ನೂ ಎಲ್ಲರೆದುರು ನಿಲ್ಲಿಸಿ ವಿಚಾರಣೆ ನಡೆಸಬೇಡಿ. ಬೇರೆ ಬೇರೆಯಾಗಿ ಮಾತನಾಡಿ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ದೈಹಿಕ ಶಿಕ್ಷೆಯನ್ನಷ್ಟೇ ಅಲ್ಲ, ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ ಎಂಬುದು ನೆನಪಿರಲಿ.

ನೊಂದ ಮಗುವಿನ ಮನೆಯವರಿಗೆ

'ನೀನೇ ಸ್ವಲ್ಪ ಸರಿಯಾಗಿರು, ಅವರು ಸುಮ್ಮನಾಗುತ್ತಾರೆ' ಎನ್ನಬೇಡಿ. ತಪ್ಪು ತನ್ನದೇ ಎಂದು ಮಗು ತಿಳಿಯುತ್ತದೆ. 'ನೀನೂ ಎರಡು ಕೊಡು' ಎಂದೂ ಹೇಳಬೇಡಿ. ಪೂರ್ತಿ ಕೇಳಿ. 'ಹೇಳಿದ್ದು ಒಳ್ಳೆಯದಾಯಿತು, ತಪ್ಪು ನಿನ್ನದಲ್ಲ' ಎನ್ನಿ. ದಿನಾಂಕ ಸಮೇತ ಬರೆದಿಟ್ಟುಕೊಂಡು ತರಗತಿಯ ಶಿಕ್ಷಕರನ್ನು ಖಾಸಗಿಯಾಗಿ ಕಾಣಿ. ಪೋಷಕರ ವಾಟ್ಸಾಪ್ ಗುಂಪಿನಲ್ಲಿ ಜಗಳಕ್ಕಿಳಿಯಬೇಡಿ, ಮಗುವಿಗೆ ಎರಡನೆಯ ಅವಮಾನವಾಗುತ್ತದೆ. ಹೊಟ್ಟೆನೋವಿದ್ದರೂ ಮಗು ಶಾಲೆಗೆ ಹೋಗುವುದು ತಪ್ಪದಿರಲಿ. ಮನೆಯಲ್ಲಿ ಉಳಿದಷ್ಟೂ ಹೆದರಿಕೆ ಬೆಳೆಯುತ್ತದೆ. ಆದರೆ ಕಾರಣ ಹುಡುಕದೆ ಬಲವಂತವಾಗಿ ದೂಡುವುದೂ ಸರಿಯಲ್ಲ. ತರಗತಿಯಲ್ಲಿ ಒಬ್ಬನೇ ಒಬ್ಬ ಗೆಳೆಯನಿದ್ದರೂ ಮಗು ಬಹಳಷ್ಟನ್ನು ತಡೆದುಕೊಳ್ಳುತ್ತದೆ. ಆದ್ದರಿಂದ ಭಾನುವಾರ ಒಬ್ಬ ಸಹಪಾಠಿಯನ್ನು ಮನೆಗೆ ಆಟಕ್ಕೆ ಕರೆಯಿರಿ.

ನಿದ್ದೆ, ಹಸಿವು ಕೆಟ್ಟಿದ್ದರೆ, ಮಗು ಮಾತು ಬಿಟ್ಟಿದ್ದರೆ, ಹಾಸಿಗೆಯಲ್ಲಿ ಮತ್ತೆ ಮೂತ್ರ ಮಾಡತೊಡಗಿದ್ದರೆ, 'ನಾನು ಇರಬಾರದಿತ್ತು' ಎಂಬಂಥ ಮಾತು ಒಂದೇ ಒಂದು ಸಲ ಬಂದರೂ ತಡಮಾಡಬೇಡಿ. ವೈದ್ಯರನ್ನು ಕಾಣಿ. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು. ಮಕ್ಕಳ ಸಹಾಯವಾಣಿ 1098 ಕೂಡ ಇದೆ.

ಆಮೇಲೆ ಏನಾಯಿತು?

ತಾಯಿ ಶಿಕ್ಷಕಿಯನ್ನು ಕಂಡು ಮಾತನಾಡಿದರು. ಆ ಶಿಕ್ಷಕಿ ಜಾಣ್ಮೆಯಿಂದ ನಡೆದುಕೊಂಡರು. ಯಾರನ್ನೂ ಹೆಸರಿಸದೆ, ಹೊಸ ಸಾಲುಗಳಲ್ಲಿ ಮಕ್ಕಳನ್ನು ಕೂರಿಸಿ, ಪ್ರತಿ ಶುಕ್ರವಾರ ಕೊನೆಯ ಅವಧಿಯಲ್ಲಿ ಒಬ್ಬೊಬ್ಬರು ತಾವೇ ಕಟ್ಟಿದ ಕಥೆ ಹೇಳಬೇಕೆಂದು ಮಾಡಿದರು. ಮೊದಲ ವಾರ ಬಾಯಿ ತೆರೆಯಲು ಎಲ್ಲರಿಗೂ ಭಯ. ಕಥೆ ಕಟ್ಟುವುದು ಎಷ್ಟು ಕಷ್ಟವೆಂದು ಆಗ ತಿಳಿಯಿತಂತೆ!

ನನ್ನ ಮಗನಿಗೆ ನಾನು ಕ್ಷಮೆ ಕೇಳಲು ಬಲವಂತ ಮಾಡಲಿಲ್ಲ. 'ನಿನ್ನ ಕೈಲಿ ಏನಾಗುತ್ತದೋ ನೋಡು' ಎಂದೆ. ಅವನು ಒಂದು ದಿನ ಅವಳನ್ನು ಲಗೋರಿಗೆ ಕರೆದನಂತೆ. ಅವಳು ಬರಲಿಲ್ಲ. ಇದೂ ಒಂದು ಹಾಸ್ಯವಿರಬೇಕು ಎಂದು ಅನುಮಾನಿಸಿದಳು. ಅದು ಅವಳ ತಪ್ಪಲ್ಲ. ಅವನು ಸಪ್ಪೆ ಮುಖ ಮಾಡಿಕೊಂಡು ಬಂದ. 'ಒಂದು ದಿನದಲ್ಲಿ ಒಡೆದದ್ದು ಒಂದು ದಿನದಲ್ಲಿ ಕೂಡುವುದಿಲ್ಲ, ನಾಳೆಯೂ ಕರೆ' ಎಂದೆ. ಎರಡನೆಯ ವಾರದಲ್ಲಿ ಅವಳು ಬಂದಳು.

ಹೊಟ್ಟೆನೋವು ಸುಮಾರು ಎರಡು ತಿಂಗಳಲ್ಲಿ ಹೋಯಿತು. ನಾನು ಬರೆದ ಔಷಧಿ ಏನೂ ಇರಲಿಲ್ಲ. ಕಳೆದ ಬಾರಿ ಕೆಮ್ಮಿಗೆಂದು ಬಂದಾಗ ನಾನು ಅವಳನ್ನು ಮೆಲ್ಲಗೆ ಕೇಳಿದೆ, 'ಅಂಚೆ ಕಚೇರಿ ತೆರೆಯಿತಾ?' ಅವಳು ತಲೆ ಆಡಿಸಿದಳು. ಇಲ್ಲ. ಈಗ ಅವಳು ಕಾಗದ ಬರೆಯುವುದಿಲ್ಲ. ತಮ್ಮನಿಗೆ ಮಾತ್ರ, ಕೋಣೆಯ ಬಾಗಿಲು ಹಾಕಿಕೊಂಡು, ಕಥೆ ಹೇಳುತ್ತಾಳೆ ಎಂದರು ತಾಯಿ.

ಹೊಟ್ಟೆನೋವನ್ನು ನಾವು ಗುಣಪಡಿಸಿದೆವು. ಮುಚ್ಚಿದ ಬಾಗಿಲನ್ನು ತೆರೆಯುವ ಮಾತ್ರೆ ನನ್ನ ಕಪಾಟಿನಲ್ಲಿಲ್ಲ. ಆದ್ದರಿಂದ ತಂದೆತಾಯಿಗಳೇ, ಇಂದು ರಾತ್ರಿ ಊಟಕ್ಕೆ ಕೂತಾಗ ನಿಮ್ಮ ಮಗು ಯಾವುದೋ ಸಹಪಾಠಿಯ ತಮಾಷೆಯ ಹೆಸರೊಂದನ್ನು ಹೇಳಿದರೆ, ನನ್ನಂತೆ ನಕ್ಕು ಸುಮ್ಮನಾಗಬೇಡಿ. 'ಆ ಹೆಸರು ಕರೆದಾಗ ಅವಳ ಮುಖ ಹೇಗಿತ್ತು?' ಎಂದು ಕೇಳಿ. ಉತ್ತರ ಬರುವವರೆಗೆ ಕಾಯಿರಿ.